ಕಿಟಕಿಯ ಕಂಬಿಗೆ ಬಡಿದ ಲೋಟ

ಸ್ಟೀಲ್ ಲೋಟವನ್ನು ಕಬ್ಬಿಣದ ಕಂಬಿಗೆ ಬಡಿದರೆ ಎಲ್ಲ ಲೋಟಕ್ಕೂ ಒಂದೇ ಸದ್ದು ಎಂದು ನೀವು ತಿಳಿದಿದ್ದರೆ ತಪ್ಪು. ಹೊಸ ಲೋಟ ಪೂಜೆಯ ಗಂಟೆಯ ಹಾಗೆ ಮೊಳಗುತ್ತದೆ. ತಳ ಸವೆದದ್ದು ಗಂಟಲು ಕಟ್ಟಿದವರ ಹಾಗೆ. ಅಂಚು ನೆಗ್ಗಿದ ಲೋಟಕ್ಕೆ ಎರಡು ಸದ್ದು, ಮೊದಲು ಟಣ್ ಎಂದು, ಹಿಂದೆಯೇ ಸಣ್ಣಗೆ ಝಿರ್ ಎಂದು. ನಾನು ಕಿಟಕಿಗೆ ಬೆನ್ನು ಹಾಕಿ ರಿಜಿಸ್ಟರ್ ಬರೆಯುತ್ತಿದ್ದರೂ ಹೊರಗೆ ಯಾರು ಬಂದು ನಿಂತರೆಂದು ಲೋಟದ ಸದ್ದಿನಲ್ಲೇ ಹೇಳುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿದ ಆ ಮೊದಲ ವರ್ಷಗಳ ನೆನಪೆಂದರೆ ನನಗೆ ಮೊದಲು ಕಿವಿಗೆ ಬರುವುದು ಅದೇ.

ಜೂಜುವಾಡಿಯಲ್ಲಿ ಕಾನ್ವೆಂಟಿನ ಸಿಸ್ಟರ್‌ಗಳು ನಡೆಸುತ್ತಿದ್ದ ಪುಟ್ಟ ಡಿಸ್ಪೆನ್ಸರಿ ಅದು. ಒಂದು ಕಡೆ ಹೈವೇ, ಚೆಕ್‌ಪೋಸ್ಟಿಗೆ ಸಾಲು ನಿಂತ ಲಾರಿಗಳು. ಇನ್ನೊಂದು ಕಡೆ ಹೊಸೂರಿನ ಫ್ಯಾಕ್ಟರಿಗಳಿಗೆ ಶಿಫ್ಟಿಗೆ ಹೋಗುವವರ ಲೈನ್ ಮನೆಗಳು. ಸಂಬಳಕ್ಕೆ ಸೇರಿದ್ದ ನನಗೆ ಕ್ಷಯದ ಮಾತ್ರೆ ಕೊಡುವ ಕೆಲಸ. ಮೊದಲೆಲ್ಲ ತಿಂಗಳ ಮಾತ್ರೆಯನ್ನು ಪೊಟ್ಟಣ ಕಟ್ಟಿ ಕೈಗೆ ಕೊಟ್ಟು ಕಳಿಸುತ್ತಿದ್ದೆವು. ಜನ ಹದಿನೈದು ದಿನ ನುಂಗುವರು, ಕೆಮ್ಮು ನಿಂತಿತೆಂದು ಉಳಿದದ್ದನ್ನು ಮಾಡಿನ ಸಂದಿಗೆ ಸಿಕ್ಕಿಸುವರು. ಆಮೇಲೆ ಮೆಥಡ್ ಬದಲಾಯಿತು. ಒಬ್ಬೊಬ್ಬ ರೋಗಿಗೂ ಅವರ ಹೆಸರು ಬರೆದ ಒಂದು ರಟ್ಟಿನ ಡಬ್ಬಿ, ಆರು ತಿಂಗಳ ಪೂರಾ ಔಷಧಿ ಅದರಲ್ಲಿ. ಮೊದಲ ಎರಡು ತಿಂಗಳು ಸೋಮ, ಬುಧ, ಶುಕ್ರ ಬಂದು ನಮ್ಮ ಕಣ್ಣೆದುರೇ ನುಂಗಬೇಕು. ನುಂಗಿ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಬೇಕು. ನೀರಿಗೆ ಲೋಟ ಅವರವರದೇ. ಹಾಗೆ ಬಂತು ಲೋಟದ ಸದ್ದು.

ಈಗ ನರ್ಸಿಂಗ್ ಮುಗಿಸಿ ಇಂಥ ಕೆಲಸಕ್ಕೆ ಸೇರುವ ನಮ್ಮ ಚರ್ಚಿನ ಹುಡುಗಿಯರು ನನ್ನನ್ನು ಕೇಳುತ್ತಾರೆ: “ಆಂಟಿ, ಇದು ದೇವರು ಕೊಟ್ಟ ಆಪರ್ಚುನಿಟಿ ಅಂತ ನಿಮಗೆ ಹೇಗೆ ಗೊತ್ತಾಗ್ತಿತ್ತು?” ಗೊತ್ತಾಗುತ್ತಿರಲಿಲ್ಲ ಕಣ್ರಮ್ಮ. ಗೊತ್ತಾಗುತ್ತಿದ್ದವರ ಪಕ್ಕದಲ್ಲಿ ನಾನು ಎಂಟು ವರ್ಷ ಕೂತಿದ್ದೆ, ಅಷ್ಟೆ. ಅದನ್ನೇ ಬರೆಯುತ್ತೇನೆ. ನನ್ನ ಸರ್ವಿಸ್ ರೆಕಾರ್ಡಿನ ಕಥೆ ಬೇಡ, ಅದರಲ್ಲಿ ಏನೂ ಇಲ್ಲ.

ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ಸಿಸ್ಟರ್‌ಗಳು ಮಿಷನ್ ಎಂದರೆ ಆಫ್ರಿಕಾದ ಫೋಟೋ ತೋರಿಸುತ್ತಿದ್ದರು. ದೋಣಿ, ಕಾಡು, ಬಿಳಿಯ ಟೋಪಿ. ದೇವರು ನನಗೂ ಒಂದು ದೊಡ್ಡ ಬಾಗಿಲು ತೆರೆಯುತ್ತಾನೆ ಎಂದು ಹುಡುಗಿಯಾಗಿದ್ದಾಗಿನಿಂದ ಕಾದಿದ್ದೆ. ತೆರೆದದ್ದು ಜೂಜುವಾಡಿಯ ಒಂದು ಕಿಟಕಿ, ಅದಕ್ಕೂ ಕಂಬಿ. ಆ ಬೇಸರ ನನ್ನ ಮುಖದಲ್ಲಿ ಬಹಳ ಕಾಲ ಇತ್ತು.

ನಮ್ಮ ಸುಪೀರಿಯರ್ ಸಿಸ್ಟರ್ ಅಮಲಾ ಕೃಷ್ಣಗಿರಿ ಕಡೆಯವರು. ಮನೆಮಾತು ತೆಲುಗು, ಓದಿದ್ದು ತಮಿಳಿನಲ್ಲಿ, ಕನ್ನಡ ಕಲಿತದ್ದು ಈ ಕಿಟಕಿಯಲ್ಲಿ ನಿಂತು. ಮೂರನ್ನೂ ಒಂದೇ ವಾಕ್ಯದಲ್ಲಿ ಹಾಕಿ ಕಲಸುವರು. ಕುಳ್ಳು, ದಪ್ಪ ಕನ್ನಡಕ, ಕಾಲಿಗೆ ಸದಾ ರಬ್ಬರ್ ಚಪ್ಪಲಿ.

ನಾನು ಸೇರಿದ ಹೊಸತರಲ್ಲಿ ಒಬ್ಬ ಲಾರಿ ಡ್ರೈವರ್ ಬಂದ. ಉತ್ತರದ ಕಡೆಯವನು, ಕೆಮ್ಮಿನಲ್ಲಿ ರಕ್ತ. ನಾನು ಪ್ರಾಪರ್ಲಿ ರೂಲ್ ಹೇಳಿದೆ, ನೀನು ನಮ್ಮ ಏರಿಯಾದವನಲ್ಲ, ನಿನ್ನ ಊರಿನಲ್ಲಿ ರಿಜಿಸ್ಟರ್ ಮಾಡಿಸಿಕೊ ಎಂದು. ಅವನು ತಲೆಯಾಡಿಸಿ ಹೋದ. ಸಿಸ್ಟರ್ ಒಳಗಿಂದ ಬಂದು, “ಯಾರ್ ಅದು ಸ್ಟೆಲ್ಲಾ, ಅಷ್ಟು ಕೆಮ್ಮಿದ್ದು?” ಎಂದರು. ಹೇಳಿದೆ.

“ಎಂದ ಲಾರಿ, ಯಾವ ಲಾರಿ? ಯಾವ ಬಣ್ಣ?”

“ನೋಡಲಿಲ್ಲ ಸಿಸ್ಟರ್.”

ಅವರು ನನ್ನನ್ನು ಬೈಯಲಿಲ್ಲ. ರಬ್ಬರ್ ಚಪ್ಪಲಿಯಲ್ಲೇ ಹೈವೇಗೆ ಓಡಿದರು. ಸಾಲಿನಲ್ಲಿ ನಿಂತ ಒಂದೊಂದು ಲಾರಿಯ ಬಾಗಿಲನ್ನೂ ಅಂಗೈಯಲ್ಲಿ ತಟ್ಟುತ್ತ, ಮೇಲೆ ನೋಡುತ್ತ, ಅಷ್ಟು ದೂರ ಹೋದರು. ಅವನು ಸಿಗಲಿಲ್ಲ. ಬೆವರು ಒರೆಸಿಕೊಳ್ಳುತ್ತ ವಾಪಸ್ ಬಂದು ನೀರು ಕುಡಿದು ಹೇಳಿದರು: “ನೋಡು ಮಾ. ದೇವರು ಕೊಡೋದನ್ನ ಕೈಗೇ ಕೊಡ್ತಾರೆ. ಆವಾಗ ನಾವು ಕೈ ಒರೆಸ್ಕೊಳ್ತಾ ನಿಂತಿರ್ತೀವಿ.” ಆಮೇಲೆ ಅದರ ಬಗ್ಗೆ ಮಾತೇ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಈಗ ಚಂದ್ರಕಲಾಳ ವಿಷಯ.

ಚಂದ್ರಕಲಾ ಅಂಚೆಟ್ಟಿ ಕಡೆಯ ಗುಡ್ಡದ ಹಳ್ಳಿಯ ಹುಡುಗಿ. ಇಪ್ಪತ್ತೆರಡೋ ಇಪ್ಪತ್ತಮೂರೋ. ಗಂಡ ನಾಗರಾಜ ಫ್ಯಾಕ್ಟರಿಯಲ್ಲಿ ಕೆಲಸ, ನಮ್ಮ ಹಿಂದಿನ ಲೈನ್ ಮನೆಯಲ್ಲೇ ಬಾಡಿಗೆಗಿದ್ದರು. ಅತ್ತೆ ಪಿಳ್ಳಮ್ಮ ಗುಮ್ಮಳಾಪುರದಲ್ಲಿ, ಹೊಲ ನೋಡಿಕೊಂಡು. ಅಂಚು ನೆಗ್ಗಿದ ಲೋಟ ಈ ಚಂದ್ರಕಲಾಳದೇ. ರೋಗದ ವಿಷಯ ಗಂಡನಿಗೆ ಮಾತ್ರ ಹೇಳಿದ್ದಳು, ಅತ್ತೆಗೆ ಗೊತ್ತಾದರೆ ತವರಿಗೆ ಅಟ್ಟುತ್ತಾಳೆಂದು ಹೆದರಿಕೆ. “ಮನೇಲಿ ಚಿಕ್ಕ ಮಕ್ಕಳಿದಾರಾ?” ಎಂದು ಕೇಳಿದ್ದಕ್ಕೆ, “ಒಂದ್ ಕೂಸೈತೆ, ಅದು ಅತ್ತೆ ತಾವ ಊರಾಗೈತೆ” ಎಂದಿದ್ದಳು. ಅದು ಸುಳ್ಳು. ಎರಡು ವರ್ಷದ ಮಗು ಅವಳ ಪಕ್ಕದಲ್ಲೇ ಮಲಗುತ್ತಿತ್ತು. ನಾನು ಇನ್ನೊಂದು ಸಲ ಕೇಳಲಿಲ್ಲ.

ಮೊದಲ ವಾರವೇ ಅವಳು ಕಿಟಕಿಗೆ ಮುಖ ಒತ್ತಿ ಪಿಸುಗುಟ್ಟಿದ್ದಳು: “ಮಿಸ್ಸಮ್ಮ, ಉಚ್ಚೆ ಕಿತ್ಲೆ ಬಣ್ಣಕ್ಕೋಯ್ತದೆ. ನಾನ್ ಸಾಯ್ತೀನಾ?” ಆ ಮಾತ್ರೆಯ ಗುಣವೇ ಅದು, ಬಣ್ಣ ಬಂದರೆ ಒಳಗೆ ಹೋಗಿದೆ ಎಂದು ಅರ್ಥ ಎಂದೆ. ಬಾಯಿಗೆ ಸೆರಗು ಹಿಡಿದು ನಕ್ಕಳು. ಒಂದು ತಿಂಗಳು ತಪ್ಪದೆ ಬಂದಳು. ಕೆನ್ನೆ ತುಂಬಿಕೊಳ್ಳತೊಡಗಿತ್ತು.

ಅದು ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದ ಕೊನೆ. ಗರಿಗಳ ಭಾನುವಾರಕ್ಕೆ ಮುಂಚೆ ನಮಗೆಲ್ಲ ಎರಡು ದಿನದ ರಿಟ್ರೀಟ್, ಬರೀ ಪ್ರಾರ್ಥನೆ, ಧ್ಯಾನ. ಪ್ರಸಂಗ ಮಾಡಿದ ಫಾದರ್ ಒಂದೊಂದು ಚೀಟಿ ಕೊಟ್ಟು, ದೇವರು ನಿಮಗೆ ಯಾವ ಬಾಗಿಲು ತೆರೆಯಬೇಕೋ ಬರೆದು ಪೀಠದ ಮುಂದೆ ಇಡಿ ಎಂದರು. ನಾನು ಚೆಂದದ ಕಾನ್ವೆಂಟ್ ಅಕ್ಷರದಲ್ಲಿ ಬರೆದೆ: ಒಂದು ಜೀವ ಉಳಿಸುವ ಅವಕಾಶ. ಸಿಸ್ಟರ್ ಏನು ಬರೆದರೆಂದು ಬಗ್ಗಿ ನೋಡಿದೆ. ಚೀಟಿ ಖಾಲಿ ಇತ್ತು. ಅದನ್ನೇ ಮಡಚಿ ಇಟ್ಟರು. ನನಗೆ ಸ್ವಲ್ಪ ತಾತ್ಸಾರವೂ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಸೋಮವಾರ ಚಂದ್ರಕಲಾ ಬರಲಿಲ್ಲ. ಬುಧವಾರವೂ ಇಲ್ಲ. ಚೀಟಿಗೆ ಉತ್ತರ ಬಂತು ಎಂದುಕೊಂಡೆ. ಸಿಸ್ಟರ್ ಕೃಷ್ಣಗಿರಿಗೆ ಹೋಗಿದ್ದರು. ಕಾಯಬಹುದಿತ್ತು. ನಾನು ಕಾಯಲಿಲ್ಲ. ನೀಲಿ ಅಂಚಿನ ಬಿಳಿ ಯೂನಿಫಾರ್ಮ್ ಸೀರೆಯಲ್ಲೇ, ಎದೆಯ ಮೇಲೆ ಶಿಲುಬೆಯ ಬ್ಯಾಡ್ಜ್, ಕೈಯಲ್ಲಿ ಡಿಸ್ಪೆನ್ಸರಿಯ ಕಪ್ಪು ಬ್ಯಾಗ್, ಕಳೆದುಹೋದ ಕುರಿಯನ್ನು ಹುಡುಕುವ ಕುರುಬನ ಹಾಗೆ ಲೈನ್ ಮನೆಗೆ ಹೊರಟೆ.

ನಲ್ಲಿಯ ಹತ್ತಿರ ಏಳೆಂಟು ಹೆಂಗಸರು ಬಿಂದಿಗೆ ಇಟ್ಟು ಕಾಯುತ್ತಿದ್ದರು. “ಚಂದ್ರಕಲಾ ಮನೆ ಯಾವುದು?” ಎಂದು ಕೇಳಿದೆ. ರೋಗದ ಹೆಸರು ಎತ್ತಲಿಲ್ಲ, ನಾನು ಬುದ್ಧಿವಂತೆ. ಆದರೆ ನಮ್ಮ ಸೀರೆ ಯಾವ ಕಿಟಕಿಯದೆಂದು ಆ ಬೀದಿಗೆಲ್ಲ ಗೊತ್ತಿತ್ತು. ಒಬ್ಬಳು ತನ್ನ ಬಿಂದಿಗೆಯನ್ನು ಪಕ್ಕಕ್ಕೆ ಎಳೆದುಕೊಂಡಳು. ಮೂರನೇ ಮನೆಯ ಬಾಗಿಲಲ್ಲಿ ಒಬ್ಬ ಗಟ್ಟಿಮುಟ್ಟು ಹೆಂಗಸು ಸೊಂಟದ ಮೇಲೆ ಮಗು ಕೂರಿಸಿಕೊಂಡು ನಿಂತಿದ್ದಳು. ಯುಗಾದಿಗೆಂದು ಊರಿನಿಂದ ಬಂದಿದ್ದ ಪಿಳ್ಳಮ್ಮ.

“ಏನಮ್ಮ, ಕೆಮ್ಮಿನ್ ಕಿಟ್ಕಿಯೋಳು ನಮ್ಮನೇಗ್ ಯಾಕ್ ಬಂದೆ?”

ಹಿಂದೆ ಕತ್ತಲಲ್ಲಿ ಚಂದ್ರಕಲಾ ನಿಂತಿದ್ದಳು. ನನ್ನನ್ನು ನೋಡಿ ಅವಳ ಮುಖದಲ್ಲಿ ಬಂದದ್ದನ್ನು ನಾನು ಬೇರೆ ಎಲ್ಲೂ ನೋಡಿಲ್ಲ. ಕೋಪವಲ್ಲ. ಮುಗಿಯಿತು ಎನ್ನುವ ಹಾಗೆ ಒಂದು ಸುಮ್ಮನಿರುವಿಕೆ. ಅತ್ತೆ ಊರಿಗೆ ವಾಪಸ್ ಹೋಗುವ ತನಕ ತಪ್ಪಿಸಿಕೊಂಡಿದ್ದು ಆಮೇಲೆ ಬರೋಣ ಎಂದುಕೊಂಡಿದ್ದಳಂತೆ. ಎರಡು ದಿನದ ಮಾತಾಗಿತ್ತು.

ಮಾರನೆಯ ಬೆಳಿಗ್ಗೆಯೇ ಪಿಳ್ಳಮ್ಮ ಸೊಸೆಯನ್ನು ಅಂಚೆಟ್ಟಿ ಬಸ್ಸು ಹತ್ತಿಸಿದಳು. ಮಗುವನ್ನು ಕೊಡಲಿಲ್ಲ, ನೋಡಿಕೊಳ್ಳಲು ತಾನೇ ಇಲ್ಲಿ ಉಳಿದಳು. ಚಂದ್ರಕಲಾಳ ಡಬ್ಬಿ ನಮ್ಮ ಕಪಾಟಿನಲ್ಲೇ ಉಳಿಯಿತು, ಒಂದು ತಿಂಗಳಷ್ಟೇ ಖರ್ಚಾಗಿ. ಅರ್ಧಕ್ಕೆ ಬಿಟ್ಟ ಕ್ಷಯ ಮತ್ತೆ ಎದ್ದರೆ ಅದೇ ಮಾತ್ರೆಗೆ ಬಗ್ಗುವುದು ಕಷ್ಟ. ಆ ಹಳ್ಳಿಗೆ ಬಸ್ಸಿಳಿದು ಗಂಟೆಗಟ್ಟಲೆ ನಡೆಯಬೇಕು, ಹತ್ತಿರದಲ್ಲಿ ಮಾತ್ರೆ ಕೊಡುವವರು ಯಾರೂ ಇಲ್ಲ. ಅವಳು ಬದುಕಬೇಕಾದರೆ ಜೂಜುವಾಡಿಗೆ ವಾಪಸ್ ಬರಬೇಕು, ಅಷ್ಟೇ.

ಸಿಸ್ಟರ್ ಬಂದ ಮೇಲೆ ಎಲ್ಲ ಹೇಳಿದೆ, ಅಳುತ್ತ. “ನಾನು ದೇವರು ಬಾಗಿಲು ತೆರೆದರು ಅಂದ್ಕೊಂಡೆ ಸಿಸ್ಟರ್.”

ಅವರು ಕನ್ನಡಕ ತೆಗೆದು ಒರೆಸಿದರು. “ತೆರೆದಿತ್ತಾ, ಇಲ್ಲಾ ನೀನು ತಳ್ಳಿದ್ಯಾ?”

ಅಷ್ಟೇ ಕೇಳಿದ್ದು. ನಾನು ಮತ್ತೆ ಎರಡು ಸಲ ಮಾಮೂಲಿ ಸೀರೆಯಲ್ಲಿ ಹೋಗಿ ಪಿಳ್ಳಮ್ಮನನ್ನು ಬೇಡಿದೆ. ಎರಡು ಸಲವೂ ಬಾಗಿಲು ಮುಚ್ಚಿದಳು. “ನನ್ ಮೊಮ್ಮಗಳಿಗೆ ಅಂಟ್ಕಂಡ್ರೆ ನೀನ್ ಹೆತ್ಕೊಡ್ತೀಯಾ?” ಎಂದಳು. ನಾಗರಾಜ ಹಿಂದೆ ನಿಂತು ನೆಲ ನೋಡುತ್ತಿದ್ದ. ಶುಭ ಶುಕ್ರವಾರ ಹೋಯಿತು, ಈಸ್ಟರ್ ಹೋಯಿತು.

ಈಸ್ಟರ್ ಮುಗಿದ ವಾರ, ನಾನು ರಿಜಿಸ್ಟರ್ ಬರೆಯುತ್ತಿದ್ದೆ. ಟಣ್. ಝಿರ್.

ಚಂದ್ರಕಲಾ ಬಂದಳು ಎಂದು ತಿರುಗಿದೆ. ಕಿಟಕಿಯಲ್ಲಿ ಪಿಳ್ಳಮ್ಮ. ಒಂದು ಕೈಯಲ್ಲಿ ಆ ನೆಗ್ಗಿದ ಲೋಟ, ಸೊಂಟದ ಮೇಲೆ ಮಗು. ಮಗು ಕೆಮ್ಮುತ್ತಿತ್ತು.

“ಲೋಟ ತಂದ್ರೇನೆ ನೋಡೋದಂತೆ, ಬೀದಿಯೋರೆಲ್ಲಾ ಅಂದ್ರು,” ಎಂದಳು, ನನ್ನ ಮುಖ ನೋಡದೆ. “ಮಗೀಗೆ ನಾಕ್ ದಿನದಿಂದ ಕೆಮ್ಮು.”

ಈಗ ನೋಡಿ, ನನ್ನ ಮನಸ್ಸು ಹೇಗೆ ಓಡಿತೆಂದು. ಇದೇ ಅವಕಾಶ, ಇವಳಿಗೆ ಬುದ್ಧಿ ಹೇಳಲು ದೇವರೇ ಕಳಿಸಿದ್ದಾನೆ ಎಂದುಕೊಂಡೆ. ಎದ್ದು ನಿಂತೆ. “ನೋಡಿದ್ರಾ ಪಿಳ್ಳಮ್ಮ, ಆ ಹುಡುಗೀನ ಓಡಿಸಿದಿರಿ, ಈಗ...” ಎಂದು ಶುರು ಮಾಡಿದೆ.

ಸಿಸ್ಟರ್ ಬಂದು ನನ್ನ ಭುಜದ ಮೇಲೆ ಕೈ ಇಟ್ಟರು. ಮೆತ್ತಗೆ, ಆದರೆ ಕೂರಿಸುವ ಹಾಗೆ. ಬಾಗಿಲು ತೆರೆದು, “ಒಳಗೆ ಬಾಂಗ, ಅಲ್ಲಿ ಬಿಸಿಲು,” ಎಂದು ಮಗುವನ್ನು ಎತ್ತಿಕೊಂಡರು. ಕ್ಷಯದವರ ಮನೆಯವರನ್ನು ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿದ್ದು ಪಿಳ್ಳಮ್ಮನಿಗೆ ಹೊಸತು. ತುದಿಯಲ್ಲಿ ಕೂತಳು.

ಮಗುವನ್ನು ದೊಡ್ಡಾಸ್ಪತ್ರೆಯಲ್ಲೂ ತೋರಿಸಿದೆವು. ಬರೀ ನೆಗಡಿಯ ಕೆಮ್ಮು. ಆದರೂ ತಾಯಿಯ ಜತೆ ಮಲಗುತ್ತಿದ್ದ ಮಗು, ರೋಗ ಬರದಂತೆ ಆರು ತಿಂಗಳು ದಿನಾ ಅರ್ಧ ಮಾತ್ರೆ ಕೊಡಬೇಕಾಗಿತ್ತು. ಎರಡು ದಿನ ಬಿಟ್ಟು ಪಿಳ್ಳಮ್ಮ ಅದನ್ನು ತೆಗೆದುಕೊಳ್ಳಲು ಬಂದಾಗ ಸಿಸ್ಟರ್ ಕೇಳಿದರು: “ದಿನಾ ಯಾರು ಕೊಡ್ತೀರ? ಮಗು ಉಗಿದುಬಿಡುತ್ತೆ.”

“ನಾನಿಲ್ವಾ? ನನ್ ಕಣ್ ತಪ್ಸಿ ಬೆಕ್ಕೂ ಹಾಲ್ ಕುಡಿಯಾಕಿಲ್ಲ.”

“ಅಪ್ಪಡಿಯಾ? ಅಷ್ಟು ಕಣ್ಣಾ?”

“ಊರಾಗ್ ಕೇಳ್ನೋಡಿ. ನಾಗರಾಜ ಚಿಕ್ಕೋನಿದ್ದಾಗ ಮೊಗ್ಲಲ್ಲಿ ನಿಂತ್ಕಂಡು ಕಷಾಯ ಕುಡಿಸಿವ್ನಿ. ಬಾಯಿ ಅಗಲಿಸಿ ನೋಡ್ದೆ ಬಿಡ್ತಿರ್ಲಿಲ್ಲ.”

ಸಿಸ್ಟರ್ ನನ್ನ ಕಡೆ ತಿರುಗಿದರು. ಅವರ ಮುಖ ನೋಡಬೇಕಿತ್ತು ನೀವು. ಲಾರಿ ಸಾಲಿನಲ್ಲಿ ಓಡಿದ ದಿನ ಸಿಗದೆ ಹೋದದ್ದು ಇವತ್ತು ಸಿಕ್ಕಿತು ಎನ್ನುವ ಮುಖ. ಪಿಳ್ಳಮ್ಮನ ಎದುರು ಸ್ಟೂಲ್ ಎಳೆದುಕೊಂಡು ಕೂತರು.

“ಅಮ್ಮಾ, ನಮಗೆ ನಿಮ್ಮಂಥ ಒಬ್ಬರು ಬೇಕು. ನಿಮ್ಮ ಸೊಸೆಗೆ.”

ಪಿಳ್ಳಮ್ಮ ಎದ್ದೇಬಿಟ್ಟಳು. ಸಿಸ್ಟರ್ ಏಳಲಿಲ್ಲ, ಕೂತಲ್ಲಿಂದಲೇ ಮಾತಾಡಿದರು. ತಪ್ಪದೆ ಮಾತ್ರೆ ನುಂಗಿದರೆ ಕೆಲವೇ ವಾರದಲ್ಲಿ ಅಂಟುವುದು ನಿಲ್ಲುತ್ತದೆ, ಅರ್ಧಕ್ಕೆ ಬಿಟ್ಟರೇ ಅಪಾಯ ಎಂದರು. ಮನೆಯಲ್ಲಿ ಕಿಟಕಿ ತೆರೆದಿಡಿ, ಸ್ವಲ್ಪ ದಿನ ಮಗುವನ್ನು ನಿಮ್ಮ ಪಕ್ಕ ಮಲಗಿಸಿಕೊಳ್ಳಿ ಎಂದರು. ದೇವರ ಹೆಸರು ಒಂದು ಸಲವೂ ಎತ್ತಲಿಲ್ಲ. ಪಿಳ್ಳಮ್ಮನ ಹೆದರಿಕೆಯನ್ನು ಹೆದರಿಕೆ ಎಂದೇ ತಿಳಿದು ಉತ್ತರ ಕೊಟ್ಟರು. ನಾನು ಅದನ್ನು ಪಾಪ ಎಂದುಕೊಂಡಿದ್ದೆ.

ನಾನು ಸಿಸ್ಟರ್‌ನ ಕಿವಿಯಲ್ಲಿ ಹೇಳಿದೆ: “ಸಿಸ್ಟರ್, ಮನೆಯವರ ಕೈಗೆ ಡಬ್ಬಿ ಕೊಡಬಾರದು, ರೂಲ್. ಪ್ರೀತಿಗೆ ಸಡಿಲ ಬಿಡ್ತಾರೆ ಅಂತ.”

“ಡಬ್ಬಿ ಇಲ್ಲೇ ಇರಲಿ ಮಾ. ಇವರು ಹಿಡ್ಕೊಂಡು ಬರಲಿ, ನೀನು ಕೊಡು.” ಆಮೇಲೆ ಇನ್ನೂ ಮೆಲ್ಲಗೆ, “ಪ್ರೀತಿಗೆ ಸಡಿಲ ಬಿಡೋರ ಥರ ಕಾಣ್ತಾರಾ ಇವರು?”

ಪಿಳ್ಳಮ್ಮ ಒಂದು ವಾರ ಉತ್ತರ ಕೊಡಲಿಲ್ಲ. ಮಗು ರಾತ್ರಿಯೆಲ್ಲ ಅವ್ವಾ ಎಂದು ಅಳುತ್ತದೆಂದು ನಲ್ಲಿಯ ಹೆಂಗಸರು ಹೇಳುತ್ತಿದ್ದರು. ಒಂದು ಬೆಳಿಗ್ಗೆ ಬಂದು ಕಂಬಿಗೆ ಲೋಟ ಬಡಿದು, “ಬಸ್ ಎಷ್ಟೊತ್ಗೆ?” ಎಂದಳು. ಸಿಸ್ಟರ್ ನನಗೆ, “ನೀನೇ ಹೋಗು. ಬಣ್ಣದ ಸೀರೆ,” ಎಂದರು.

ಬಸ್ಸಿನಲ್ಲಿ ಪಿಳ್ಳಮ್ಮ ಮೂರು ಮಾತಾಡಿರಬೇಕು. ಇಳಿದು ಗುಡ್ಡ ಹತ್ತುವಾಗ ನಾನು ಏದುಸಿರು ಬಿಡುತ್ತಿದ್ದರೆ, “ಏನ್ ಮಿಸ್ಸಮ್ಮ, ಬರೀ ಕುಂತ್ಕಂಡ್ ಮಾಡೋ ಕೆಲ್ಸವಾ ನಿಂದು?” ಎಂದಳು. ನಿಜವೇ.

ಚಂದ್ರಕಲಾ ತವರಿನ ಹಟ್ಟಿಯ ಮಗ್ಗುಲಲ್ಲಿ ಚಾಪೆಯ ಮೇಲಿದ್ದಳು. ತುಂಬಿಕೊಂಡಿದ್ದ ಕೆನ್ನೆ ಮತ್ತೆ ಒಳಗೆ ಹೋಗಿತ್ತು. ನಾನು ಅವಳ ಪಕ್ಕ ಕೂತು, ತಪ್ಪು ನನ್ನದು, ಕ್ಷಮಿಸು ಎಂದೆ. ಅವಳು ನನ್ನ ಸೀರೆಯನ್ನು ನೋಡಿದಳು. “ಆವತ್ತು ಇಂಥದ್ನೇ ಉಟ್ಕಂಡ್ ಬರ್ಬೋದಿತ್ತಲ್ಲ ಮಿಸ್ಸಮ್ಮ,” ಎಂದಳು. ಅಷ್ಟೆ. ನಾನು ಪಾಪನಿವೇದನೆಯಲ್ಲಿ ಕೇಳಿದ ಯಾವ ಮಾತೂ ಅದರಷ್ಟು ಒಳಗೆ ಇಳಿದಿಲ್ಲ.

ಪಿಳ್ಳಮ್ಮ ಬಾಗಿಲಲ್ಲೇ ನಿಂತಿದ್ದಳು. ಕ್ಷಮೆಗಿಮೆ ಅವಳ ಜಾಯಮಾನವಲ್ಲ. “ಏಳಮ್ಮಿ,” ಎಂದಳು ಗೋಡೆಯನ್ನು ನೋಡುತ್ತ. “ಮಗೀಗೆ ಮಾತ್ರೆ ಅರ್ಧ ಮುರಿಯಾಕೆ ನಂಗೆ ಕಣ್ ಕಾಣಾಕಿಲ್ಲ. ನೀನೇ ಬಂದ್ ಮುರ್ಕೊಡು.”

ಬೆಕ್ಕೂ ಕಣ್ಣು ತಪ್ಪಿಸಲಾರದ ಹೆಂಗಸು. ಚಂದ್ರಕಲಾ ಎದ್ದಳು.

ಡಾಕ್ಟರು ಮತ್ತೆ ಕಫ ಪರೀಕ್ಷೆ ಮಾಡಿಸಿ, ತಪ್ಪಿದ್ದನ್ನು ಲೆಕ್ಕಕ್ಕೆ ತಂದು ಔಷಧಿ ಮುಂದುವರಿಸಿದರು. ಸೋಮ, ಬುಧ, ಶುಕ್ರ, ಬೆಳಿಗ್ಗೆ ಎಂಟಕ್ಕೆ ಟಣ್, ಝಿರ್. ಪಿಳ್ಳಮ್ಮ ಸೊಸೆಯನ್ನು ನಲ್ಲಿಯ ಮುಂದಿನಿಂದಲೇ, ಹಗಲು ಬೆಳಕಿನಲ್ಲಿ, ರಟ್ಟೆ ಹಿಡಿದು ಕರೆತರುತ್ತಿದ್ದಳು. ಬಿಂದಿಗೆ ಎಳೆದುಕೊಂಡವಳಿಗೆ, “ಏನೇ ನೋಡ್ತೀಯ, ನಿಂಗೂ ಕೆಮ್ಮೈತಾ? ಬಾ, ನಿನ್ನೂ ಕೂರಿಸ್ತೀನಿ,” ಎನ್ನುವಳು. ಬೀದಿ ಬಾಯಿ ಮುಚ್ಚಿಕೊಂಡಿತು. ನಾನು ನಾಲಿಗೆ ನೋಡಿ ಸರಿ ಎಂದರೆ ಪಿಳ್ಳಮ್ಮನಿಗೆ ಸಾಲದು, ತಾನೂ ಬಗ್ಗಿ ನೋಡುವಳು. ಬಣ್ಣದ ಗುಟ್ಟು ಅವಳಿಗೂ ತಿಳಿದಿತ್ತು. ಒಂದು ದಿನ ಕ್ಯೂನಲ್ಲಿದ್ದ ಎಲ್ಲರಿಗೂ ಕೇಳುವಂತೆ ವರದಿ ಒಪ್ಪಿಸಿದಳು: “ಕಿತ್ಲೆ ಬಣ್ಣವೇ ಹೋಗವ್ಳೆ ಮಿಸ್ಸಮ್ಮ, ನಾನೇ ನೋಡ್ದೆ.” ಚಂದ್ರಕಲಾ ಕಂಬಿಗೆ ಹಣೆ ಒತ್ತಿ ನಕ್ಕಳು, ಮೊದಲ ಸಲ ಹೆದರಿ ಪಿಸುಗುಟ್ಟಿದ ಅದೇ ಜಾಗದಲ್ಲಿ.

ಕೊನೆಯ ಕಫ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಖಾಲಿ ಡಬ್ಬಿಯನ್ನು ಸಿಸ್ಟರ್ ಮಗುವಿಗೆ ಆಟಕ್ಕೆ ಕೊಟ್ಟರು.

ಆಮೇಲೆ ಒಂದು ದಿನ ಕೇಳಿದೆ, “ರಿಟ್ರೀಟಿನಲ್ಲಿ ಚೀಟಿ ಖಾಲಿ ಯಾಕೆ ಇಟ್ಟಿರಿ ಸಿಸ್ಟರ್?”

“ನಾನು ಬರೆದರೆ ನಾನು ಬರೆದದ್ದನ್ನೇ ಹುಡುಕ್ತಾ ಇರ್ತೀನಿ,” ಎಂದರು. “ದೇವರು ಬರೆಯಲಿ ಅಂತ ಜಾಗ ಬಿಟ್ಟೆ.” ಎದ್ದು ಹೋಗಿ ಸ್ಟೆರಿಲೈಸರ್‌ಗೆ ನೀರು ತುಂಬಿದರು. ಅವರಿಗೆ ದೊಡ್ಡ ಮಾತಾಡಿ ಕೂತಿರುವ ಅಭ್ಯಾಸವಿರಲಿಲ್ಲ. ಮುಂದೆ ಅವರಿಗೆ ಬೇರೆ ಊರಿಗೆ ಟ್ರಾನ್ಸ್‌ಫರ್ ಆಯಿತು. ರಬ್ಬರ್ ಚಪ್ಪಲಿಯಲ್ಲೇ ಬಸ್ಸು ಹತ್ತಿದರು.

ನಾನು ಪಿಳ್ಳಮ್ಮನನ್ನು ಕೊನೆಯ ಸಲ ನೋಡಿದ್ದು ರಿಟೈರ್ ಆದ ವರ್ಷ. ಹೊಸೂರಿಗೆ ಹೋಗಲು ಜೂಜುವಾಡಿಯಲ್ಲಿ ರಸ್ತೆಯ ಈ ಬದಿ ಬಸ್ಸಿಗೆ ನಿಂತಿದ್ದೆ. ಆ ಬದಿಯಲ್ಲಿ ಲಾರಿಗಳ ಸಾಲು. ಅದರ ನಡುವಿನಿಂದ ಪಿಳ್ಳಮ್ಮ ಹೊರಗೆ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಂದು ಕೈಯಲ್ಲಿ ನಡುವಯಸ್ಸಿನ ಒಬ್ಬ ಲಾರಿ ಡ್ರೈವರನ ರಟ್ಟೆ. ಅವನು ಹಿಂದೆ ತನ್ನ ಲಾರಿಯ ಕಡೆ ಕೈ ತೋರಿಸಿ ಅವನ ಭಾಷೆಯಲ್ಲಿ ಏನೋ ಹೇಳುತ್ತಿದ್ದ, ನಡುವೆ ಬಗ್ಗಿ ಕೆಮ್ಮುತ್ತಿದ್ದ. ಅವಳು ತನ್ನ ಭಾಷೆಯಲ್ಲಿ ಅವನನ್ನು ಬೈಯುತ್ತ ಎಳೆಯುತ್ತಿದ್ದಳು. ಇನ್ನೊಂದು ಕೈಯಲ್ಲಿ ಲೋಟ.

ನಾನು ಕೂಗಿದೆ. ಟ್ರಾಫಿಕ್ಕಿನಲ್ಲಿ ಕೇಳಿಸಲಿಲ್ಲ. ಅವಳು ಡಿಸ್ಪೆನ್ಸರಿಯ ಸಂದಿಗೆ ತಿರುಗಿ, ಅವನನ್ನು ಕಿಟಕಿಯ ಮುಂದೆ ನಿಲ್ಲಿಸಿ, ಲೋಟ ಎತ್ತಿ ಕಂಬಿಗೆ ಬಡಿದದ್ದು ಕಂಡಿತು. ಒಳಗಿನಿಂದ ಹೊಸ ಹುಡುಗಿಯ ಕೈ ಹೊರಗೆ ಬಂದು ಲೋಟ ತೆಗೆದುಕೊಂಡಿತು.